ಬುತ್ತಿ ಕಾಗದದ ನಾಲ್ಕು ಪದರ

ಎವಾಲ್ಡ್ ಟೆನ್ಹಾಗನ್ ಬುತ್ತಿಗೆ ಡಬ್ಬಿ ಬೇಡವೆಂದು ಹಟ ಹಿಡಿದು ಮೂವತ್ತೆರಡು ವರ್ಷವಾಗಿತ್ತು. ಅಷ್ಟರಲ್ಲಿ ಅವನ ಹೆಂಡತಿ ಮೆಖ್ಟಿಲ್ಡ್ ಐದು ಡಬ್ಬಿ ತಂದಿದ್ದಳು. ಒಂದರಲ್ಲಿ ಈಗ ಅಂಗಿಯ ಗುಂಡಿಗಳಿವೆ, ಒಂದರಲ್ಲಿ ಮೊಳೆಗಳಿವೆ, ಉಳಿದ ಮೂರು ಎಲ್ಲಿವೆ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಬೆಳಗಿನ ಪಾಳಿಯ ದಿನ ಅವಳು ಕಪ್ಪು ರೊಟ್ಟಿಗೆ ಬೆಣ್ಣೆ ಸವರಿ, ನಡುವೆ ಹಂದಿ ಮಾಂಸದ ತೆಳು ಹೋಳಿಟ್ಟು, ಎಣ್ಣೆ ಹೀರದ ಬಿಳಿ ಕಾಗದದಲ್ಲಿ ಸುತ್ತಿ ಕೊಡಬೇಕಿತ್ತು.

"ಊರಿನವರೆಲ್ಲ ಡಬ್ಬಿ ತಗೊಂಡು ಹೋಗ್ತಾರೆ. ನಿನಗೊಬ್ಬನಿಗೆ ಕಾಗದ," ಎನ್ನುತ್ತಿದ್ದಳು ಮೆಖ್ಟಿಲ್ಡ್.

"ಕಾಗದದಲ್ಲಿ ಇಟ್ರೆ ರುಚಿ ಬೇರೆ."

"ಹೌದೌದು. ಕಾಗದ ತಿಂದು ನೋಡಿರೋನಲ್ವಾ ನೀನು."

ರುಚಿಯ ಮಾತು ಸುಳ್ಳು. ಸೋಮವಾರದ ಕಾಗದವನ್ನು ಎವಾಲ್ಡ್ ಕಸದ ಬುಟ್ಟಿಗೆ ಹಾಕುತ್ತಿರಲಿಲ್ಲ. ಕೊನೆಯ ತುತ್ತು ಬಾಯಲ್ಲಿರುವಾಗಲೇ ಅದರಿಂದ ಅಂಗೈಯಗಲದ ತುಂಡು ಹರಿದು, ಎರಡು ಸಲ ಮಡಿಸಿ, ಜೇಬಿಗೆ ಹಾಕಿಕೊಳ್ಳುತ್ತಿದ್ದ. ಉಳಿದವರು ಹೊರಗೆ ಸಿಗರೇಟು ಸೇದಲು ಹೋದ ಹೊತ್ತಿನಲ್ಲಿ ಆ ತುಂಡು ಎರಡನೇ ನಂಬರಿನ ಯಂತ್ರದ ಎಡಗಡೆ, ಉಕ್ಕಿನ ಅಲಗು ಕೂರುವ ಮಣೆಯ ಮೇಲೆ ಹೋಗಿ ಸೇರುತ್ತಿತ್ತು. ಹೋದ ವಾರದ್ದು, ಪೇಸ್ಟಿನ ಎಣ್ಣೆ ಮೆತ್ತಿ ಹಳದಿಯಾಗಿದ್ದದ್ದು, ಜೇಬಿಗೆ ಬರುತ್ತಿತ್ತು. ಇಷ್ಟು ವರ್ಷಗಳಲ್ಲಿ ಇದನ್ನು ಕಂಡವರಿಲ್ಲ. ಕಾರ್ಖಾನೆಯಲ್ಲಿ ಬಿಡುವಿನ ಹತ್ತು ನಿಮಿಷ ಯಾರೂ ಯಂತ್ರದ ಕಡೆ ನೋಡುವುದಿಲ್ಲ. ಉಳಿದ ಏಳೂಮುಕ್ಕಾಲು ಗಂಟೆ ನೋಡುವುದೇ ಹೆಚ್ಚು.

ಅಲ್ಲಿ ಆಗುವುದು ಲಾರಿಗೆ ಹೊದಿಸುವ ಟಾರ್ಪಾಲು. ಎರಡೂವರೆ ಮೀಟರ್ ಅಗಲದ ಬಿಳಿ ಬಟ್ಟೆ ಒಂದು ಕಡೆಯಿಂದ ಒಳಗೆ ಹೋಗುತ್ತದೆ. ಉರುಳೆಯ ಮೇಲೆ ಹಾಯುವಾಗ ಅದರ ಮೇಲೆ ಮೊಸರಿನಷ್ಟು ಮಂದವಾದ ಪ್ಲಾಸ್ಟಿಕ್ ಪೇಸ್ಟ್ ಬೀಳುತ್ತದೆ. ಅಡ್ಡಲಾಗಿ ನಿಂತ ಉದ್ದನೆಯ ಅಲಗು ಅದನ್ನು ತೆಳ್ಳಗೆ ಸವರುತ್ತದೆ. ಮುಂದೆ ಒಲೆ, ಒಲೆಯಾಚೆ ನೀಲಿಯೋ ಹಸಿರೋ ಆದ ಟಾರ್ಪಾಲು. ಮೆಖ್ಟಿಲ್ಡ್ ರೊಟ್ಟಿಗೆ ಬೆಣ್ಣೆ ಸವರುವುದಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ: ಬೆಣ್ಣೆ ಒಂದು ಕಡೆ ದಪ್ಪಗಾದರೆ ಯಾರೂ ವಾಪಸು ಕಳಿಸುವುದಿಲ್ಲ. ನಮ್ಮಂಥ ಹೊಸಬರು ಮೊದಲ ವಾರ ಅಲ್ಲಿ ಮಾಡುವ ಕೆಲಸ ಒಂದೇ, ಒಳ್ಳೆಯ ಬಟ್ಟೆಯನ್ನು ಕಸ ಮಾಡುವುದು. ಎರಡನೇ ವಾರದಿಂದ ಅದನ್ನೇ ವೇಗವಾಗಿ ಮಾಡುತ್ತೇವೆ. ಎವಾಲ್ಡ್ ಮಾತ್ರ ಹೆಬ್ಬೆರಳಿನಿಂದ ಅಂಚನ್ನು ಒಂದು ಸಲ ಸವರಿ, "ನೂರು ಮೀಟರ್ ಹಿಂದೇನೇ ಕೆಟ್ಟಿದೆ ಕಣಯ್ಯಾ, ನೀನು ಏನನ್ನ ನೋಡ್ತಾ ಇದ್ದೆ?" ಎನ್ನುತ್ತಿದ್ದ. ಏನನ್ನು ನೋಡುತ್ತಿದ್ದೆವು ಎಂದು ನಮಗೂ ಗೊತ್ತಿರುತ್ತಿರಲಿಲ್ಲ.

ಜರ್ಮನಿಯ ಆ ಮೂಲೆಯಲ್ಲಿ, ಮ್ಯೂನ್‌ಸ್ಟರ್ ಪಟ್ಟಣದ ಆಚೆಯವರೆಗೂ, ಅವನ ಟಾರ್ಪಾಲಿಗೆ ಹೆಸರಿತ್ತು. ಬಿಚ್ಚಿ ನೆಲಕ್ಕೆ ಹಾಸಿದರೆ ಅದು ಹೆಣದ ಹಾಗೆ ಮಲಗುತ್ತಿತ್ತು. ಬೇರೆ ಕಡೆಯದ್ದು ತಣ್ಣಗಾದ ಮೇಲೆ ಎಡ ಅಂಚಿನಲ್ಲಿ ಒಣಗಿದ ಎಲೆಯಂತೆ ಮುದುರಿಕೊಳ್ಳುತ್ತಿತ್ತು. ಹೊಲಿಯುವವರು ಮೊಣಕಾಲೂರಿ ಅದನ್ನು ಒತ್ತಿ ಹಿಡಿದು ಬಯ್ಯುತ್ತಿದ್ದರು.

ಆ ವರ್ಷ ವಸಂತದಲ್ಲಿ ಐದನೇ ನಂಬರಿನ ಹೊಸ ಯಂತ್ರ ಬಂತು. ಅದಕ್ಕೆ ಹನ್ನೆರಡು ಕಣ್ಣುಗಳಿದ್ದವು. ಕೂದಲಿನ ಹತ್ತನೇ ಒಂದು ಭಾಗ ಹೆಚ್ಚುಕಡಿಮೆಯಾದರೂ ಅದಕ್ಕೆ ಗೊತ್ತಾಗುತ್ತಿತ್ತು. ಈ ತುದಿಯಿಂದ ಆ ತುದಿಗೆ ಅದು ಸವರಿದ ಲೇಪ ಒಂದೇ ಸಮ. ಆದರೆ ಅದರ ಟಾರ್ಪಾಲು ಎಡಕ್ಕೆ ಮುದುರುತ್ತಿತ್ತು. ಹಾಲೆಂಡಿಗೆ ಹೋದ ಮೂರು ಲೋಡು ಹಾಗೇ ವಾಪಸು ಬಂತು. ಗುಜರಿಗೆ ಹಾಕಬೇಕೆಂದಿದ್ದ ಎರಡನೇ ನಂಬರಿನ ಯಂತ್ರಕ್ಕೆ ಮತ್ತೆ ಕೆಲಸ ಸಿಕ್ಕಿತು. ಎವಾಲ್ಡನಿಗೆ ರಜೆ ಸಿಗಲಿಲ್ಲ. ಅವನಿಗೆ ಆಗ ಅರವತ್ತೊಂದು. ಬೆನ್ನು, ಮಂಡಿ, ಬಲ ಭುಜ ಸರದಿಯ ಮೇಲೆ ನೋಯುತ್ತಿದ್ದವು. ಇನ್ನೆರಡು ವರ್ಷ ಹೇಗಾದರೂ ದಾಟಿದರೆ ಸಾಕು ಎಂಬುದು ಬಿಟ್ಟು ಅವನಿಗೆ ಬೇರೆ ಆಸೆ ಇರಲಿಲ್ಲ.

ಕಾರಣ ಹುಡುಕಲು ಬಂದವಳು ಡಾಕ್ಟರ್ ನಿಲ್ಗುನ್ ಅಕ್ಸೋಯ್. ಪೇಸ್ಟಿನ ವಿಷಯದಲ್ಲಿ ಡಾಕ್ಟರೇಟು ಮಾಡಿದ್ದಳು; ಕಾರ್ಖಾನೆಯವರೆಲ್ಲ ಅವಳನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ಕೆಮ್ಮು, ಗಂಟುನೋವು ಹೇಳಿಕೊಳ್ಳಲು ಬಂದ ಇಬ್ಬರು ಮೂವರನ್ನು ಅವಳು ಮೊದಲ ವಾರವೇ ವಾಪಸು ಕಳಿಸಿದ್ದಳು. ಆಗಸ್ಟಿನ ಒಂದು ಮಧ್ಯಾಹ್ನ ಅವಳು ಹಳೆಯ ಯಂತ್ರದ ಅಲಗನ್ನು ಎತ್ತಿಸಿ, ಅರ್ಧ ಗಂಟೆ ಅದರ ಕೆಳಗೆ ತಲೆ ತೂರಿಸಿ ಕೂತಿದ್ದು ಹೊರಗೆ ಬಂದಳು. ಕೈಯ ಚಿಮುಟದಲ್ಲಿ ಒಂದು ಹಳದಿ ತುಂಡು ಇತ್ತು.

"ಟೆನ್ಹಾಗನ್ ಅವರೇ, ಇದೇನು?"

"ಕಾಗದ."

"ಅದು ಕಾಣ್ತಿದೆ. ಎಡಗಡೆ ಮಣೆ ಮೇಲಿತ್ತು. ಬೆಣ್ಣೆ ವಾಸನೆ ಬರ್ತಿದೆ."

"ಹಂದಿ ಮಾಂಸದ್ದೂ ಬರಬೇಕು," ಎಂದ ಎವಾಲ್ಡ್. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಂತೆ ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಬಯ್ಗುಳ ಬರುತ್ತದೆ ಎಂದುಕೊಂಡ. ಅವಳು ಬಯ್ಯಲಿಲ್ಲ, ಪೇಸ್ಟಿನ ಡ್ರಮ್ಮಿನ ಮೇಲೆ ಕುಕ್ಕರಿಸಿ ಕೂತಳು.

"ಮಗ್ಗದವರು ಎಡಗಡೆ ನೂಲನ್ನ ಬಿಗಿಯಾಗಿ ಎಳೀತಾರೆ. ಬಟ್ಟೆಯ ಎಡ ಅಂಚು ಮೊದಲೇ ಬಿಗಿ. ಅದರ ಮೇಲೆ ಒಂದೇ ಸಮ ಲೇಪ ಹಾಕಿದ್ರೆ ತಣ್ಣಗಾದಾಗ ಮುದುರಲೇಬೇಕು. ಎಡಗಡೆ ಚೂರೇ ಚೂರು ದಪ್ಪ ಹಾಕಿದ್ರೆ ಮುದುರಲ್ಲ. ಇದನ್ನ ಕಂಡುಹಿಡಿಯೋಕೆ ನಾನು ಮೂರು ತಿಂಗಳು ಕಂಪ್ಯೂಟರ್ ಮುಂದೆ ಕೂತಿದ್ದೆ. ನೀವು ಬುತ್ತಿಯಲ್ಲಿ ಕಟ್ಕೊಂಡು ಓಡಾಡ್ತಿದ್ರಿ. ಎಷ್ಟು ವರ್ಷದಿಂದ?"

"ಆಯ್ತು ಸುಮಾರು."

"ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ಲ."

"ಈಗ ನಾನು ಕೇಳ್ತಿದೀನಿ. ಇದು ಆವಿಷ್ಕಾರ. ಪೇಟೆಂಟಿಗೆ ಹಾಕ್ತೀವಿ. ನಿಮ್ಮ ಹೆಸರು ಬರುತ್ತೆ, ಬಹುಮಾನ ಬರುತ್ತೆ, ಕಂಪನಿ ಪತ್ರಿಕೆಯಲ್ಲಿ ಫೋಟೋ ಬರುತ್ತೆ. ಆದ್ರೆ ಕೆಲಸಗಾರ ಏನೇ ಕಂಡುಹಿಡಿದ್ರೂ ಅದನ್ನ ಬರೆದು ಕೊಡ್ಬೇಕು, ಕಾನೂನು ಅದು." ಮಾರನೆಯ ದಿನ ಅವಳು ಒಂದು ಫಾರಂ ತಂದು ಕೊಟ್ಟಳು.

ಫಾರಮಿನಲ್ಲಿ ಮೂರು ಖಾನೆಗಳಿದ್ದವು. ಇದ್ದ ತೊಂದರೆ ಏನು? ಅದನ್ನು ಹೇಗೆ ನೀಗಿಸಿದಿರಿ? ಈ ಆವಿಷ್ಕಾರ ಹೇಗೆ ಉಂಟಾಯಿತು, ಇದರಲ್ಲಿ ಬೇರೆ ಯಾರ ಪಾಲಿದೆ?

"ಮೂರನೇದು ಬಿಟ್ರೆ ಆಗಲ್ವಾ?" ಎಂದು ಕೇಳಿದ ಎವಾಲ್ಡ್.

"ಎರಡು ಸಾಲು ಗೀಚಿ. ಅದನ್ನ ಯಾರೂ ಓದಲ್ಲ."

"ಯಾರೂ ಓದದಿದ್ರೆ ಯಾಕೆ ಬರೀಬೇಕು?"

"ಯಾರಾದ್ರೂ ಓದಿದ್ರೆ ಅಂತ," ಎಂದಳು ಡಾಕ್ಟ್ರಮ್ಮ.

ಎವಾಲ್ಡ್ ಫಾರಮನ್ನು ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಮೊದಲ ಎರಡು ಖಾನೆ ಹತ್ತು ನಿಮಿಷದಲ್ಲಿ ತುಂಬಿತು. ಮೂರನೆಯದರ ಮುಂದೆ ಪೆನ್ನು ನಿಂತುಬಿಟ್ಟಿತು. ಹೇಗೆ ಉಂಟಾಯಿತು ಎಂಬುದು ಅವನಿಗೆ ದಿನ, ಗಂಟೆ ಸಮೇತ ನೆನಪಿತ್ತು.

ತೊಂಬತ್ತೊಂದರ ಜುಲೈ, ಬಂದೂಕು ಹಬ್ಬದ ಶನಿವಾರ. ಆ ಹಬ್ಬಕ್ಕೆ ಊರೇ ಹಸಿರು ಕೋಟು ಹಾಕಿಕೊಂಡು, ಮರದ ಹಕ್ಕಿಗೆ ಗುಂಡು ಹೊಡೆದು ಬೀಳಿಸಿದವನನ್ನು ರಾಜ ಮಾಡಿ, ಮೂರು ದಿನ ಕುಡಿಯುತ್ತದೆ. ಎವಾಲ್ಡನಿಗೆ ಇಪ್ಪತ್ತೊಂಬತ್ತು. ಯಂತ್ರ ತೊಳೆಯುವ ಪಾಳಿ ಅವನದು. ಅಲಗನ್ನು ಎತ್ತಿ, ಒರೆಸಿ, ಬೋಲ್ಟು ಬಿಗಿ ಮಾಡಿದ. ಅಷ್ಟರಲ್ಲಿ ಹೊರಗಿನಿಂದ ಮೆರವಣಿಗೆಯ ತುತ್ತೂರಿ ಕೇಳಿಸಿತು. ಸ್ಪ್ಯಾನರನ್ನು ಎಡಗಡೆ ಮಣೆಯ ಮೇಲಿಟ್ಟು ಕೈ ತೊಳೆಯಲು ಹೋದವನು ಹಾಗೇ ಓಡಿದ.

ಸೋಮವಾರ ಬೆಳಗಿನ ಪಾಳಿಗೆ ಬಂದವನು ಅಲೋಯ್ಸ್ ಕ್ಯೋಸ್ಟರ್ಸ್. ಆಗ ಯಂತ್ರದ ಮುಖ್ಯಸ್ಥ ಅವನೇ. ಇಡೀ ಕಾರ್ಖಾನೆಯಲ್ಲಿ ಅವನಂಥ ಕೈ ಇನ್ನೊಬ್ಬನಿಗಿರಲಿಲ್ಲ. ಹಬ್ಬದ ಡೇರೆಯಿಂದ ಎದ್ದು ನೇರ ಬಂದಿದ್ದ, ಕಣ್ಣು ಸರಿಯಾಗಿ ತೆರೆದಿರಲಿಲ್ಲ. ನಾನೂರು ಕಿಲೋ ತೂಕದ ಅಲಗನ್ನು ಇಳಿಸಿದ. ಕರ್ರ್ ಎಂದಿತು. ಕೆಳಗೆ ಸಿಕ್ಕ ಸ್ಪ್ಯಾನರು ಒತ್ತಿ ಮಣೆ ತಗ್ಗು ಬಿದ್ದಿತ್ತು. ಅಲಗು ಇಳಿಸುವವನು ಮಣೆ ನೋಡಿಯೇ ಇಳಿಸಬೇಕೆಂಬುದು ನಿಯಮ. ಮೇಸ್ತ್ರಿ ಅವನ ಬಾಯಿ ಮೂಸಿ ನೋಡಿದ, ಉಗ್ರಾಣಕ್ಕೆ ಹಾಕಿದ. ಆಮೇಲೆ ಮೂವತ್ತೊಂದು ವರ್ಷ ಅಲೋಯ್ಸ್ ಎತ್ತುವ ಗಾಡಿ ಓಡಿಸುತ್ತ, ಬೇರೆಯವರು ಮಾಡಿದ ಟಾರ್ಪಾಲಿನ ಉರುಳೆಗಳನ್ನು ಎತ್ತಿ ಇಟ್ಟು ನಿವೃತ್ತನಾದ.

ಅದೇ ಸೋಮವಾರ ಮಧ್ಯಾಹ್ನದ ಪಾಳಿಗೆ ಬಂದ ಎವಾಲ್ಡನಿಗೆ ವಿಷಯ ತಿಳಿಯಿತು. ಜೊತೆಗೆ ಮುಖ್ಯಸ್ಥನ ಕೆಲಸವೂ ಸಿಕ್ಕಿತು. ಇವತ್ತು ಎಲ್ಲರ ತಲೆ ಬಿಸಿಯಿದೆ, ಮಂಗಳವಾರ ಹೇಳೋಣ ಎಂದುಕೊಂಡ. ಮಂಗಳವಾರ ಬಂತು, ಹೋಯಿತು. ಮುಂದಿನ ಮಂಗಳವಾರ ಎಂದುಕೊಂಡ. ತಗ್ಗಾದ ಮಣೆಯಿಂದ ಲೇಪ ಎಡಗಡೆ ತೆಳ್ಳಗಾಗುತ್ತಿತ್ತು. ಹೊಸ ಮಣೆ ತರಿಸೆಂದರೆ ಮತ್ತೆ ಸ್ಪ್ಯಾನರಿನ ಮಾತು ಏಳುತ್ತದೆ. ಹಾಗಾಗಿ ಬುತ್ತಿಯ ಕಾಗದ ಮಡಿಸಿ ಇಟ್ಟ. ಎರಡು ಸಲ ಮಡಿಸಿದ್ದರಿಂದ ನಾಲ್ಕು ಪದರವಾಯಿತು. ತಗ್ಗು ತುಂಬಿ ಮೇಲೆ ಇನ್ನೊಂದಿಷ್ಟು ಏರಿತು. ಅಂದಿನ ಟಾರ್ಪಾಲು ಹೆಣದ ಹಾಗೆ ಮಲಗಿತು. ಆವಿಷ್ಕಾರ ಆದದ್ದು ಹೀಗೆ.

"ಪೇಟೆಂಟಾ!" ಎಂದಳು ಮೆಖ್ಟಿಲ್ಡ್, ಫಾರಮನ್ನು ಬೆಳಕಿಗೆ ಹಿಡಿದು. "ನಮ್ಮನೆ ಕಾಗದಕ್ಕಾ? ಮತ್ತೆ ಮುಖ ಯಾಕೆ ಹಾಗೆ ಜೋತುಬಿದ್ದಿದೆ? ಮೊದಲು ಪಕ್ಕದ ಅಲೋಯ್ಸ್‌ಗೆ ಹೇಳು. ಅವನಷ್ಟು ಖುಷಿ ಪಡೋನು ಇನ್ನೊಬ್ಬನಿಲ್ಲ."

ಇದೇ ಕಷ್ಟ. ಅಲೋಯ್ಸ್ ಪಕ್ಕದ ಮನೆಯವನು, ಬರೀ ಪಕ್ಕದ ಮನೆಯವನಲ್ಲ, ಮೊದಲ ನೆರೆಯವನು. ಆ ಕಡೆ ಮೊದಲ ನೆರೆಯವನೆಂದರೆ ಅರ್ಧ ಸಂಬಂಧಿ: ಮನೆಯಲ್ಲಿ ಮಗು ಹುಟ್ಟಿದರೆ ಊರಿಗೆ ಹೇಳಬೇಕು, ಮದುವೆಯಾದರೆ ಬಾಗಿಲಿಗೆ ಹಾರ ಕಟ್ಟಬೇಕು, ಸತ್ತರೆ ಪೆಟ್ಟಿಗೆಗೆ ಹೆಗಲು ಕೊಡಬೇಕು. ಎವಾಲ್ಡ್ ಮನೆ ಕಟ್ಟಿದಾಗ ಛಾವಣಿಗೆ ಮೊದಲ ಹೆಂಚು ಎತ್ತಿ ಕೊಟ್ಟವನು ಅಲೋಯ್ಸ್.

ಮರು ಶನಿವಾರ ಎದುರು ಮನೆಯವರ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ಬೆಳ್ಳಿ ಹಬ್ಬ ಬಂತು. ಪದ್ಧತಿಯಂತೆ ಬೀದಿಯ ಗಂಡಸರು ಅಲೋಯ್ಸನ ಶೆಡ್ಡಿನಲ್ಲಿ ಫರ್ ಮರದ ಕೊಂಬೆಗಳನ್ನು ತಂತಿಯಿಂದ ಹಗ್ಗಕ್ಕೆ ಕಟ್ಟಿ ಹಾರ ಮಾಡುತ್ತಿದ್ದರು. ಒಳಗೆ ಹೆಂಗಸರು ಕಾಗದದ ಗುಲಾಬಿ ಮಾಡುತ್ತಿದ್ದರು. ಧಾನ್ಯದ ಸಾರಾಯಿಯ ಪುಟ್ಟ ಲೋಟ ಸುತ್ತು ಹೊಡೆಯಿತು. ಅಲೋಯ್ಸನ ಸರದಿ ಬಂದಾಗ ಎಂದಿನಂತೆ ಸೇಬಿನ ರಸ. ಅವನು ಹನಿ ಸಾರಾಯಿಯನ್ನೂ ಮುಟ್ಟದಿರುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಪಾದ್ರಿ ಎರಡು ಸಲ ಪ್ರವಚನದಲ್ಲಿ ಹೇಳಿದ್ದರು. ಬಟಾಣಿ ಸೂಪು ಸಿದ್ಧವಾಗಿದೆಯೆಂದು ಕೂಗು ಬಂದಾಗ ಎಲ್ಲರೂ ಎದ್ದರು. ಕೊನೆಯ ಒಂದು ಮೊಳ ಹಾರ ಉಳಿದಿದ್ದರಿಂದ ಅಲೋಯ್ಸ್ ಏಳಲಿಲ್ಲ. ಅಲೋಯ್ಸ್ ಏಳಲಿಲ್ಲವೆಂದು ಎವಾಲ್ಡನೂ ಏಳಲಿಲ್ಲ.

"ಅಲೋಯ್ಸ್, ಆ ಸ್ಪ್ಯಾನರು..."

"ಸ್ಪ್ಯಾನರ್ ಯಾಕೆ? ತಂತಿಗೆ ಇಕ್ಕಳ ಸಾಕು."

"ಇದಕ್ಕಲ್ಲ. ತೊಂಬತ್ತೊಂದರದ್ದು."

ಅಲೋಯ್ಸನ ಕೈ ನಿಂತಿತು. "ಹಬ್ಬದ ಸೋಮವಾರದ್ದಾ? ಅದನ್ನ ಯಾಕೆ ಈಗ ಕೆದಕ್ತೀಯ? ಅದರ ಶಿಕ್ಷೆ ಅನುಭವಿಸಿ ಮುಗಿಸಿದೀನಿ ನಾನು."

"ಅದನ್ನ ಅಲ್ಲಿ ಇಟ್ಟಿದ್ದು ನಾನು. ಶನಿವಾರ ತೊಳೆದು, ಹಾಗೇ ಮರೆತು ಹೋದೆ."

"ಇಲ್ಲ, ಇಟ್ಟಿದ್ದು ನಾನು. ನನಗೆ ನೆನಪಿದೆ."

"ನೆನಪಿದೆಯಾ?"

ಅಲೋಯ್ಸ್ ಕೊಂಬೆಯ ಎಲೆಗಳನ್ನು ಒಂದೊಂದೇ ಕೀಳತೊಡಗಿದ. "ಇಲ್ಲ," ಎಂದ. "ಆ ಬೆಳಗ್ಗೆ ಏನೂ ನೆನಪಿಲ್ಲ. ಅದಕ್ಕೇ ನಾನೇ ಅಂತ ಗೊತ್ತಾಗಿದ್ದು."

"ಮಂಗಳವಾರ ಹೇಳೋಣ ಅಂದ್ಕೊಂಡಿದ್ದೆ."

"ಯಾವ ಮಂಗಳವಾರ?"

ಎವಾಲ್ಡ್ ಕೆಳಗೆ ಬಿದ್ದಿದ್ದ ಕೊಂಬೆಯೊಂದನ್ನು ಎತ್ತಿ ಅಲೋಯ್ಸನ ಮುಂದಿಟ್ಟ.

"ಅವತ್ತಿಂದ ಒಂದು ತೊಟ್ಟು ಮುಟ್ಟಿಲ್ಲ ನಾನು. ಮಗಳ ಮದುವೇಲಿ ಸೇಬಿನ ರಸ ಎತ್ತಿ ಹಿಡಿದೆ. ಫೋಟೋದಲ್ಲೂ ಇದೆ, ಮಗುವಿನ ಹಾಗೆ ಹಳದಿ ಲೋಟ ಹಿಡ್ಕೊಂಡು ನಿಂತಿದೀನಿ."

"ನಿನ್ನ ಲಿವರ್ ಆದ್ರೂ ಚೆನ್ನಾಗಿದೆ," ಎಂದುಬಿಟ್ಟ ಎವಾಲ್ಡ್. ಅವನ ಬಾಯಿ ಯಾವಾಗಲೂ ಹಾಗೆ. ಹೇಳಬೇಕಾದ್ದಕ್ಕೆ ಮೂವತ್ತೆರಡು ವರ್ಷ, ಹೇಳಬಾರದ್ದಕ್ಕೆ ಅರೆಗಳಿಗೆ.

"ಬಾಯಿ ಮುಚ್ಚು." ಅಲೋಯ್ಸ್ ತಲೆಯೆತ್ತಿದ. "ಈಗ ಯಾಕೆ ಹೇಳ್ದೆ? ಇಷ್ಟು ದಿನ ಇಲ್ಲದ್ದು?"

ಎವಾಲ್ಡ್ ಕಾಗದದ ವಿಷಯ, ಪೇಟೆಂಟಿನ ವಿಷಯ, ಫಾರಮಿನ ವಿಷಯ ಎಲ್ಲ ಹೇಳಿದ. "ಮೂರನೇ ಖಾನೆಯಲ್ಲಿ ಅದು ಹೇಗಾಯ್ತು ಅಂತ ಕೇಳಿದಾರೆ. ಸುಳ್ಳು ಬರೆಯೋಕೆ ಕೈ ಬರ್ಲಿಲ್ಲ."

"ಓ. ಹಾಗಾದ್ರೆ ನನಗೋಸ್ಕರ ಅಲ್ಲ. ಖಾನೆಗೋಸ್ಕರ."

ಅಲೋಯ್ಸ್ ತಂತಿಯ ತುದಿ ಎಳೆದುಕೊಂಡ. ಉಳಿದ ಒಂದು ಮೊಳ ಹಾರವನ್ನು ಕಟ್ಟಿ ಮುಗಿಸಿದ. ಕಟ್ಟಿದ ಮೇಲೆ ಏರಿಸಲೇಬೇಕು. ಎದುರು ಮನೆ ಬಾಗಿಲ ಎರಡು ಕಡೆ ಎರಡು ಏಣಿ. ಒಂದರ ಮೇಲೆ ಅಲೋಯ್ಸ್, ಇನ್ನೊಂದರ ಮೇಲೆ ಎವಾಲ್ಡ್. ಕೆಳಗಿನಿಂದ ಹೆಂಗಸರು ಚಪ್ಪಾಳೆ ತಟ್ಟಿದರು.

"ನಿನ್ನ ಕಡೆ ತಗ್ಗಿದೆ. ಎತ್ತು," ಎಂದ ಅಲೋಯ್ಸ್. ಎವಾಲ್ಡ್ ಎತ್ತಿದ. ಏಣಿ ಇಳಿದ ಮೇಲೆ ಅಲೋಯ್ಸ್ ಅವನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ನೀನು ಸತ್ರೆ ಹೆಗಲು ಕೊಡ್ತೀನಿ. ಅದು ನೆರೆಯವರ ಧರ್ಮ, ತಪ್ಪಿಸಲ್ಲ. ಅಲ್ಲಿವರೆಗೂ ನನ್ನ ಮಾತಾಡಿಸ್ಬೇಡ."

ಎವಾಲ್ಡ್ ಭಾನುವಾರ ಮಧ್ಯಾಹ್ನ ಮೂರನೇ ಖಾನೆ ತುಂಬಿದ. ಜಾಗ ಸಾಲದೆ ಹಿಂದಿನ ಪುಟಕ್ಕೂ ಹೋಯಿತು. ಬೇರೆ ಯಾರ ಪಾಲಿದೆ ಎಂಬಲ್ಲಿ ಅಲೋಯ್ಸ್ ಕ್ಯೋಸ್ಟರ್ಸ್ ಎಂದು ಬರೆದು ಅಡಿಗೆರೆ ಎಳೆದ. ಬರೆದದ್ದನ್ನು ಮೆಖ್ಟಿಲ್ಡ್ ಓದಿದಳು. ಓದಿ, ಎದ್ದು ಹೋಗಿ, ಪಾತ್ರೆ ತೊಳೆಯುವ ಸದ್ದು ಜೋರು ಮಾಡಿದಳು. ಸಂಜೆ ಕಾಫಿ ಕೊಡುವಾಗ, "ಎಷ್ಟು ಸಾವಿರ ಸಲ ಕಟ್ಟಿ ಕೊಟ್ಟಿದೀನಿ ನಾನು ಅದನ್ನ," ಎಂದಳು. ಅಷ್ಟೇ.

ಯಾರೂ ಓದದ ಖಾನೆಯನ್ನು ಡಾಕ್ಟ್ರಮ್ಮ ನಿಂತೇ ಓದಿದಳು.

"ಹೀಗೇ ಕಳಿಸ್ಲಾ?"

"ಹೀಗೇ ಕಳಿಸಿ."

"ನಿಮ್ಮ ಮೇಲೆ ಯಾರೂ ಏನೂ ಕ್ರಮ ತಗೊಳ್ಳಲ್ಲ, ತುಂಬಾ ಹಳೇ ಮಾತಾಯ್ತು. ಫೋಟೋ ಮಾತ್ರ ಅನುಮಾನ."

"ಬೇಡ. ಅವನ ಹೆಸರು ನನ್ನ ಪಕ್ಕ ಬಂದ್ರೆ ಸಾಕು."

ಅವಳು ಪೆನ್ನಿನ ತುದಿ ಕಚ್ಚಿದಳು. "ಅದು ಆಗಲ್ಲ ಟೆನ್ಹಾಗನ್ ಅವರೇ. ಕಾನೂನಿನಲ್ಲಿ ಆವಿಷ್ಕಾರ ಅಂದ್ರೆ ಯಾರ ತಲೆಯಿಂದ ಬಂತೋ ಅವರದ್ದು. ಅವರು ಬರೀ ಪೆಟ್ಟು ತಿಂದೋರು. ಪೆಟ್ಟು ತಿಂದೋರನ್ನ ಬರೆಯೋಕೆ ಖಾನೆ ಇಲ್ಲ. ನೀವು ಬರೆದಿದ್ದು ನಿಜ ಅಂತ ಒಂದು ಸಹಿ ಮಾತ್ರ ಕೇಳಿ ಕಾಗದ ಕಳಿಸ್ತೀವಿ."

ಮೂರು ಖಾನೆಯ ಫಾರಂ ಬರೆದೂ ಅಲೋಯ್ಸನಿಗೆ ಸಿಕ್ಕಿದ್ದು ಒಂದು ಸಹಿಯ ಕೆಲಸ. ಎವಾಲ್ಡ್ ಯಂತ್ರದ ಹತ್ತಿರ ವಾಪಸು ಹೋದ. ಸೋಮವಾರವಾಗಿತ್ತು. ಈಗ ಕದ್ದು ಇಡಬೇಕಾದ್ದೇನೂ ಇಲ್ಲ. ಎಲ್ಲರೂ ನೋಡುತ್ತಿರುವಾಗಲೇ ಕಾಗದ ಇಟ್ಟ. ನಾವೆಲ್ಲ ಸುತ್ತ ನಿಂತು, ಏನೋ ಅರ್ಥವಾದವರ ಹಾಗೆ ತಲೆಯಾಡಿಸಿದೆವು.

ಸುಮಾರು ಎರಡು ತಿಂಗಳು ಬೇಲಿಯಾಚೆಯಿಂದ ಮಾತಿರಲಿಲ್ಲ. ಅಲೋಯ್ಸನ ಹೆಂಡತಿ ಮೆಖ್ಟಿಲ್ಡಳ ಜೊತೆ ಎಂದಿನಂತೆ ಮಾತಾಡುತ್ತಿದ್ದಳು, ಎವಾಲ್ಡ್ ಬಂದರೆ ಒಳಗೆ ಹೋಗುತ್ತಿದ್ದಳು. ಕಸದ ಡಬ್ಬಿ ಇಡುವ ಗುರುವಾರ ಇಬ್ಬರು ಗಂಡಸರೂ ಒಂದೇ ಹೊತ್ತಿಗೆ ಗೇಟಿಗೆ ಬಂದರೆ, ಒಬ್ಬ ತನ್ನ ಡಬ್ಬಿಯ ಚಕ್ರ ನೋಡುತ್ತಿದ್ದ, ಇನ್ನೊಬ್ಬ ಆಕಾಶ. ಎವಾಲ್ಡನಿಗೆ ಇದರಲ್ಲಿ ನೋವಿಗಿಂತ ದಣಿವು ಹೆಚ್ಚಾಗಿತ್ತು. ಮುಚ್ಚಿಟ್ಟದ್ದನ್ನು ಹೊರುವುದು ಭಾರ ಎಂದು ಇಷ್ಟು ವರ್ಷ ಅಂದುಕೊಂಡಿದ್ದ. ಇಳಿಸಿದ್ದೂ ಅಷ್ಟೇ ಭಾರವಾಗಿತ್ತು.

ಅಕ್ಟೋಬರ್ ಕೊನೆಯ ಶನಿವಾರ ಅವನು ಬೇಲಿಯ ಹತ್ತಿರ ಎಲೆ ಗುಡಿಸುತ್ತಿದ್ದಾಗ ಆಚೆಯಿಂದ ಕೆಮ್ಮು ಕೇಳಿಸಿತು. ಅಲೋಯ್ಸ್ ನಿಂತಿದ್ದ. ಕನ್ನಡಕ ಹಣೆಯ ಮೇಲೆ, ಕೈಯಲ್ಲಿ ಕಂಪನಿಯ ಕಾಗದ, ಜೊತೆಗೆ ಎವಾಲ್ಡ್ ಬರೆದುಕೊಟ್ಟದ್ದರ ಪ್ರತಿ.

"ಇದಕ್ಕೆ ಸಹಿ ಹಾಕ್ಬೇಕಂತೆ."

"ಹೌದು."

"ನಿನ್ನ ಕೈಬರಹ ಕೋಳಿ ಕೆದರಿದ ಹಾಗಿದೆ. ನಾಲ್ಕು ಪದರ ಅಂತ ಬರೆದಿದೀಯಾ ಇಲ್ಲಿ?"

"ಹೌದು, ನಾಲ್ಕು."

"ಯಾಕೆ ನಾಲ್ಕು?"

"ಎರಡು ಸಲ ಮಡಿಸ್ದೆ. ನಾಲ್ಕಾಯ್ತು."

"ಅಷ್ಟೇನಾ? ಅಳತೆ ಗಿಳತೆ ಏನೂ ಇಲ್ವಾ?"

"ಇಲ್ಲ."

"ಸೋಮಾರಿ ಮುಂಡೇದು." ಅಲೋಯ್ಸ್ ಕನ್ನಡಕವನ್ನು ಮೂಗಿಗೆ ಇಳಿಸಿ, ಮತ್ತೆ ಏರಿಸಿದ. "ಮೂರಿರಬೇಕಿತ್ತು. ಎಡ ಅಂಚೇನೋ ಚೆನ್ನಾಗಿ ಮಲಗ್ತಿತ್ತು. ಆದ್ರೆ ಬಲಗಡೆ ಒಂಚೂರು ಸಡಿಲ, ಅಲೆ ಅಲೆ. ಮೂವತ್ತೊಂದು ವರ್ಷ ನಿನ್ನ ಉರುಳೆಗಳನ್ನ ಎತ್ತಿಟ್ಟೋನು ನಾನು. ಪ್ರತಿಯೊಂದೂ ಬಲ ತುದಿಯಲ್ಲಿ ಮೆತ್ತಗಿರ್ತಿತ್ತು, ಒತ್ತಿದ್ರೆ ಬೆರಳು ಒಳಗೆ ಹೋಗ್ತಿತ್ತು. ಎಡಗಡೆ ಯಾವನೋ ಜಾಸ್ತಿ ಎತ್ತಿದಾನೆ ಅಂತ ಆಗ್ಲೇ ಅಂದ್ಕೊಂಡಿದ್ದೆ."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ಯಂತ್ರ ಕೆಡಿಸಿದೋನ ಮಾತು ಯಾವನು ಕೇಳ್ತಾನೆ?"

ಎವಾಲ್ಡ್ ಪೊರಕೆಯ ಮೇಲೆ ಭಾರ ಬಿಟ್ಟು ನಿಂತ. ಅಲೋಯ್ಸ್ ಕಾಗದವನ್ನು ಬೇಲಿಯ ಕಂಬದ ಮೇಲಿಟ್ಟು ಸಹಿ ಹಾಕಿದ. ಹಾಕಿ, ಮೂರು ಪದರವಾಗಿ ಮಡಿಸಿ, ಲಕೋಟೆಗೆ ತೂರಿಸಿ ಕೊಟ್ಟ. "ಕಾಗದ ಮಡಿಸೋದು ಹೀಗೆ. ನೋಡ್ಕೋ," ಎಂದು ಒಳಗೆ ಹೋದ.

ಸೋಮವಾರ ಬಿಡುವಿನಲ್ಲಿ ಎವಾಲ್ಡ್ ಬುತ್ತಿಯ ಕಾಗದವನ್ನು ಮೂರು ಪದರ ಮಡಿಸಿದ. ಎರಡು ಸಲ ಅರ್ಧಕ್ಕೆ ಮಡಿಸಲು ಯೋಚನೆ ಬೇಡ. ಮೂರಕ್ಕೆ ಕಣ್ಣಳತೆ ಬೇಕು. ಮೊದಲ ಸಲ ಸೊಟ್ಟಗಾಯಿತು, ಎರಡನೇ ಸಲವೂ ಆಯಿತು. ಮೂರನೆಯದನ್ನು ಮಣೆಯ ಮೇಲಿಟ್ಟು, ಕೆಳಗೆ ಕಣ್ಣಾಡಿಸಿ, ಅಲಗನ್ನು ಇಳಿಸಿದ. ಯಂತ್ರ ಹೊರಟಿತು. ಇನ್ನೂರು ಮೀಟರ್ ಹೋದ ಮೇಲೆ ಎಡ ಅಂಚನ್ನು ಹೆಬ್ಬೆರಳಿನಿಂದ ಸವರಿದ, ಮಲಗಿತ್ತು. ಯಂತ್ರಕ್ಕೆ ಸುತ್ತು ಹಾಕಿ ಬಲಗಡೆಗೆ ಹೋದ. ಆ ಕಡೆಗೆ ಅವನು ಹೋಗುತ್ತಿದ್ದದ್ದೇ ಅಪರೂಪ. ಇಷ್ಟು ವರ್ಷ ಅವನಿಗೆ ಹೆದರಿಕೆ ಇದ್ದದ್ದು ಎಡಗಡೆಯದು, ನೋಡಿದ್ದೂ ಎಡಗಡೆಯನ್ನೇ. ಉರುಳೆಯ ಬಲ ತುದಿಯನ್ನು ಬೆರಳಿನಿಂದ ಒತ್ತಿದ. ಕಲ್ಲಿನ ಹಾಗಿತ್ತು.

ಅವನು ಡ್ರಮ್ಮಿನ ಮೇಲೆ ಕೂತುಬಿಟ್ಟ. ಮೂವತ್ತೆರಡು ವರ್ಷ ಒಂದು ಪದರ ಹೆಚ್ಚು.

ಡಾಕ್ಟ್ರಮ್ಮ ಬಂದು ಒತ್ತಿ ನೋಡಿದಳು, ಅಳತೆಯ ಯಂತ್ರ ತಂದು ಮತ್ತೆ ನೋಡಿದಳು. "ಇದು ಮೊದಲಿನದಕ್ಕಿಂತ ಚೆನ್ನಾಗಿದೆ. ಯಾರ ಯೋಚನೆ?"

"ಬೇಲಿಯಾಚೆಯದು. ಅವನ ತಲೆಯಿಂದಾನೇ ಬಂದಿದ್ದು. ಪೆಟ್ಟಿನಿಂದ ಅಲ್ಲ."

ಅವಳು ನಕ್ಕಳು. ಆ ವರ್ಷ ಅವಳು ನಕ್ಕದ್ದನ್ನು ನಾವು ಕಂಡದ್ದು ಅದೇ ಮೊದಲು. "ಹಾಗಾದ್ರೆ ಹಳೇ ಫಾರಂ ಹರಿದು ಹಾಕಿ. ಇಬ್ಬರ ಹೆಸರಿನಲ್ಲಿ ಹೊಸದು ಕೊಡ್ತೀನಿ. ಅವರ ಪಾಲನ್ನ ಅವರೇ ಬರೀಬೇಕು."

ಎವಾಲ್ಡ್ ಸಂಜೆ ಫಾರಂ ಹಿಡಿದು ಬೇಲಿಯ ಹತ್ತಿರ ಹೋದ. ಮಂಡಿ ಎಂದಿಗಿಂತ ಹೆಚ್ಚು ನೋಯುತ್ತಿತ್ತು. ಅಲೋಯ್ಸ್ ಸೈಕಲ್ಲಿನ ಸರಪಳಿಗೆ ಎಣ್ಣೆ ಹಾಕುತ್ತಿದ್ದ, ತಲೆಯೆತ್ತಲಿಲ್ಲ.

"ಬಲ ಅಂಚು ಕಲ್ಲಾಯ್ತು," ಎಂದ ಎವಾಲ್ಡ್.

"ಆಗದೆ ಇನ್ನೇನು."

"ಇದು ಹೊಸ ಫಾರಂ. ಇಬ್ಬರ ಹೆಸರಿದೆ, ನಿನ್ನದು ಮೇಲೆ. ಮೂರನೇ ಖಾನೆ ನೀನೇ ಬರೀಬೇಕಂತೆ. ನಿನಗೆ ಏನು ಬೇಕೋ ಬರಿ. ನನ್ನ ಬಗ್ಗೆನೂ ಏನು ಬೇಕೋ ಬರಿ."

ಅಲೋಯ್ಸ್ ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಒಂದೊಂದೇ ಬೆರಳು. ಬೇಲಿಯ ಹತ್ತಿರ ಬಂದು ಫಾರಂ ತೆಗೆದುಕೊಂಡ. ಮೇಲಿನಿಂದ ಕೆಳಗೆ ಓದಿದ. ತನ್ನ ಹೆಸರಿನ ಮೇಲೆ ಹೆಬ್ಬೆರಳನ್ನು ಒಂದು ಸಲ ಸವರಿದ. ಟಾರ್ಪಾಲಿನ ಅಂಚನ್ನು ಸವರುವಂತೆಯೇ.

"ಸರಿ. ಮಂಗಳವಾರ ಬರೆದು ಕೊಡ್ತೀನಿ," ಎಂದು ಮನೆಯ ಕಡೆ ಹೊರಟ.

ಯಾವ ಮಂಗಳವಾರ ಎಂದು ಎವಾಲ್ಡ್ ಕೇಳಲಿಲ್ಲ.